ಬೀರುವಿನೊಳಗೆ ಸಿಕ್ಕಿದ ಭಯ

ಅನುಭವಿಸದ ಒಂದೇ ಒಂದು ಅಕ್ಷರವನ್ನೂ ಈ ಕೈ ಬರೆಯುವುದಿಲ್ಲ! ಹಾಗೆಂದು ನಾನು ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿಗೆ, ತುಂಬಿದ ಸಭೆಯಲ್ಲಿ. ಸಭೆ ಎಂದರೆ ಹೆಂಡತಿ ಮತ್ತು ಮಗಳು. ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ, ಅದು ಬೇರೆ ಮಾತು.

ಬರೀ ಬಾಯಿಮಾತಲ್ಲ ಸ್ವಾಮಿ. ಸಮುದ್ರಯಾನದ ಕಾದಂಬರಿ ಬರೆಯುವಾಗ ಬಚ್ಚಲಿನ ತೊಟ್ಟಿಯಲ್ಲಿ ಕೂತು ಚಂಡಮಾರುತ ಎಬ್ಬಿಸಿದವನು ನಾನು! ಅಡುಗೆಮನೆಯಲ್ಲಿ ಮಲಗಿದ್ದ ಬೆಕ್ಕು ಈಜಿಕೊಂಡೇ ಅಂಗಳ ಸೇರಿತು. ಇಂದಿಗೂ ನನ್ನನ್ನು ಕಂಡರೆ ಅದು ಮಹಡಿ ಹತ್ತುತ್ತದೆ.

ಈ ಸಲದ ಗ್ರಹಚಾರ ಶುರುವಾದದ್ದು ಪ್ರಕಾಶಕರ ಫೋನಿನಿಂದ. ವಸಂತ ಬಂದಿತ್ತು. ಕಿಟಕಿಯಾಚೆಯ ಮರಗಳೆಲ್ಲ ಚಿಗುರಿದ್ದವು. ನನ್ನ ಹೊಸ ಕಾದಂಬರಿ ಮಾತ್ರ ಮೊಳಕೆಯಲ್ಲೇ ನಿಂತಿತ್ತು.

"ಸಾರ್, ನಿಮ್ಮ ನಾಯಕನನ್ನ ಕಳ್ಳರು ಪೆಟ್ಟಿಗೆಗೆ ತುಂಬಿ ಬೀಗ ಜಡಿದಿದ್ದಾರೆ. ಅವನು ನೋಡಿದ್ರೆ ಸೋಫಾ ಮೇಲೆ ಕಾಲು ಚಾಚಿಕೊಂಡ ಹಾಗಿದ್ದಾನೆ! ಭಯ ಎಲ್ಲಿ ಸಾರ್? ಈ ಅಧ್ಯಾಯ ಸರಿಹೋಗೋವರೆಗೆ ಪುಸ್ತಕ ಅಚ್ಚಿಗೆ ಹೋಗಲ್ಲ."

ಭಯವನ್ನು ಎಲ್ಲಿಂದ ತರಲಿ? ನಾನು ಹುಟ್ಟಾ ಧೀರ. ಬರಿಗೈಯಲ್ಲಿ ಹುಲಿ ಓಡಿಸಿದ ನನ್ನ ಕತೆಯನ್ನು ಮಗಳ ಬಾಯಲ್ಲೇ ಕೇಳಿ. ಹೇಳಿದಷ್ಟು ಸಲವೂ ಹುಲಿ ಒಂದಿಷ್ಟು ಬೆಳೆದಿರುತ್ತದೆ ಎಂದು ಅವಳೇ ಒಪ್ಪುತ್ತಾಳೆ.

ಅಂದು ಮಧ್ಯಾಹ್ನ ನಮಗೆ ರೈಲಿತ್ತು. ಬೆಟ್ಟದ ಊರಲ್ಲಿ ಒಂದು ವಾರದ ಪ್ರವಾಸ. ತಾಯಿ ಮಗಳು ಸಾಮಾನು ಕಟ್ಟುವ ಗಡಿಬಿಡಿಯಲ್ಲಿದ್ದರು. ಇದೇ ತಕ್ಕ ಸಮಯವೆಂದು ನಾನು ಮಲಗುವ ಕೋಣೆಯ ದೊಡ್ಡ ಮರದ ಬೀರುವಿನೊಳಕ್ಕೆ, ಕೋಟುಗಳ ನಡುವೆ ನುಸುಳಿ ಬಾಗಿಲೆಳೆದುಕೊಂಡೆ. ಸ್ವಲ್ಪ ಹೊತ್ತು ಕತ್ತಲು, ಹಿಡಿಯಷ್ಟು ಭಯ, ಆಮೇಲೆ ಹೊರಗೆ ಬಂದು ಬರಹ. ಎಂಥ ಯೋಜನೆ!

ಭಯ ಬರಲಿಲ್ಲ. ನುಸಿಗುಳಿಗೆಯ ವಾಸನೆ ಬಂತು.

"ಬಾರೋ ಭಯವೇ, ತಾಕತ್ತಿದ್ರೆ ಬಾ!" ಎಂದು ಪಿಸುಗುಟ್ಟಿದೆ.

ಕೋಣೆಗೆ ಯಾರೋ ಬಂದ ಸದ್ದು. ಈ ಅವತಾರದಲ್ಲಿ ಸಿಕ್ಕಿಬಿದ್ದರೆ ಜನ್ಮವಿಡೀ ನಗೆಪಾಟಲು! ಉಸಿರು ಬಿಗಿಹಿಡಿದೆ.

"ಅಮ್ಮಾ, ಅಪ್ಪ ಎಲ್ಲೂ ಕಾಣಿಸ್ತಿಲ್ವಲ್ಲ?" ಮಗಳ ದನಿ.

"ಇರ್ತಾರೆ ಬಿಡೇ. ಕಾದಂಬರಿಗೆ ಏನೋ ಹುಡುಕ್ತಿರ್ತಾರೆ."

"ರೈಲು ತಪ್ಪಿದ್ರೆ?"

"ತಪ್ಪಿದ್ರೆ ಅವರಿಗೆ ತಪ್ಪುತ್ತೆ. ನಾವು ಹತ್ತಿರ್ತೀವಲ್ಲ!"

ಮರುಕ್ಷಣವೇ ಬೀರುವಿನ ಬೀಗದಲ್ಲಿ ಕೀಲಿ ತಿರುಗಿತು. ಕಟಕ್!

ಬಂತು ನೋಡಿ ಭಯ! ಬಂದದ್ದು ಒಂಟಿಯಾಗಿಯಲ್ಲ, ಬಂಧುಬಳಗ ಸಮೇತ! "ಲೇ... ಇವಳೇ..." ಎಂದು ಕೂಗಿದೆ. ಸೊಳ್ಳೆ ಗುಯ್ಗುಟ್ಟಿದಂತಾಯಿತು. ಅಷ್ಟರಲ್ಲಿ ನನ್ನ ಕತ್ತಿನ ಹಿಂದೆ ತಣ್ಣನೆಯ ಕೈಯೊಂದು ಬಿತ್ತು!

"ಯಾ... ಯಾರದು?"

ಅದು ನನ್ನದೇ ಮಳೆಕೋಟಿನ ತೋಳು. ಆದರೆ ಕತ್ತಲಲ್ಲಿ ತೋಳಿದ್ದ ಮೇಲೆ ಅದರೊಳಗೆ ಯಾರೋ ಇರಲೇಬೇಕಲ್ಲ! ಬೆಚ್ಚಿ ಹಿಂದೆ ಸರಿದರೆ ಪಾದದ ಮೇಲೆ ರೋಮಭರಿತ ಪ್ರಾಣಿಯೊಂದು ಮಲಗಿತ್ತು. "ತಪ್ಪಾಯ್ತು, ಕಚ್ಚಬೇಡಪ್ಪ," ಎಂದು ಗೋಗರೆದೆ. ಉಣ್ಣೆಯ ಟೋಪಿಯ ಕ್ಷಮೆ ಕೇಳಿದ ಕಾದಂಬರಿಕಾರ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ಹೊರಗೆ ಸೂಟ್‌ಕೇಸಿನ ಚಕ್ರಗಳು ಗಡಗಡ ಉರುಳಿದವು. ಮುಂಬಾಗಿಲು ಧಡಾರೆಂದಿತು. ಕಾರು ಶುರುವಾದ ಸದ್ದು. ಆಮೇಲೆ ಮೌನ.

ಹೋದರು! ಒಂದು ವಾರ! "ಬೀರುವಿನಲ್ಲಿ ಕಾದಂಬರಿಕಾರ ಪತ್ತೆ" ಎಂಬ ಪತ್ರಿಕೆಯ ಸುದ್ದಿ ಕಣ್ಮುಂದೆ ಕುಣಿಯಿತು. ಪಕ್ಕದಲ್ಲಿ ನನ್ನ ಅದೇ ಹಾಳು ಫೋಟೋ, ಕಣ್ಣು ಮುಚ್ಚಿಕೊಂಡದ್ದು! ಇಲ್ಲಿಂದ ಬದುಕಿ ಹೊರಬಂದರೆ ಇನ್ನು ಯಾವ ಪಾತ್ರವನ್ನೂ ಗೋಳು ಹೊಯ್ದುಕೊಳ್ಳುವುದಿಲ್ಲ ಎಂದು ಆಣೆ ಮಾಡಿದೆ. ಬೇರೆ ಲೇಖಕರ ಪುಸ್ತಕಗಳನ್ನು ಹೊಗಳುವ ಮೊದಲು ಓದುತ್ತೇನೆ ಎಂದು ಇನ್ನೊಂದು ಆಣೆ ಮಾಡಿದೆ. ಕೊನೆಗೆ ಎರಡೂ ಕೈಯಲ್ಲಿ ಬಾಗಿಲು ಗುದ್ದುತ್ತಾ, "ಅಯ್ಯಯ್ಯೋ! ಕಾಪಾಡ್ರೋ!" ಎಂದು ಬೊಬ್ಬಿಟ್ಟೆ. ಕೋಟೊಂದು ಹ್ಯಾಂಗರ್ ಸಮೇತ ನನ್ನ ತಲೆಯ ಮೇಲೆ ಬಿತ್ತು.

ಕಟಕ್! ಬೆಳಕು! ಎದುರಿಗೆ ಹೆಂಡತಿ, ಹೆಗಲಲ್ಲಿ ಚೀಲ.

"ಬನ್ನಿ, ಹೊತ್ತಾಯ್ತು."

"ನೀ... ನೀನು ಹೋಗ್ಲಿಲ್ವಾ? ಕಾರು?"

"ಮಗಳು ಗೇಟಿನ ಮುಂದೆ ತಂದು ನಿಲ್ಸಿದ್ದಾಳೆ."

"ನಾನು ಒಳಗಿರೋದು ನಿನಗೆ ಹೇಗೆ ಗೊತ್ತಾಯ್ತು?"

"ಗುಟ್ಟಾಗಿ ಅಡಗಿಕೊಳ್ಳೋರು ಯಾರಾದ್ರೂ ಚಪ್ಪಲಿ ಜೋಡಿಸಿ ಬೀರು ಮುಂದೆ ಬಿಡ್ತಾರೇನ್ರೀ?"

"ಗೊತ್ತಿದ್ದೂ ಬೀಗ ಹಾಕಿದ್ಯಾ!"

"ಗೊತ್ತಿದ್ದಕ್ಕೇ ಹಾಕಿದ್ದು! ಹೋದ ವರ್ಷ ನೀವು ಹೊರಗಿದ್ದು ಏನು ಮಾಡಿದ್ರಿ? ನನ್ನ ಸ್ವೆಟರ್ ತೆಗೆದಿಟ್ಟು ಸೂಟ್‌ಕೇಸ್ ತುಂಬ ಪುಸ್ತಕ ತುರುಕಿದ್ರಿ. ಆ ಚಳೀಲಿ ನಾನೇನು ಪುಸ್ತಕ ಹೊದ್ಕೊಳ್ಲಾ? ಈ ಸಲ ನೆಮ್ಮದಿಯಾಗಿ ಪ್ಯಾಕ್ ಮಾಡಿದೆ."

ರೈಲು ಹತ್ತಿದ್ದೇ ತಡ, ಆರುವ ಮೊದಲೇ ಆ ಭಯವನ್ನೆಲ್ಲ ಕಾಗದಕ್ಕೆ ಸುರಿದೆ. ಬರೆದ ಹಾಳೆಗಳ ಕಂತೆಯನ್ನು ಹೆಂಡತಿಯ ಕೈಗಿತ್ತೆ. ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿತು. ಕೈ ಎದೆಯ ಮೇಲೆ ಹೋಯಿತು. ಗೆದ್ದೆ ಎಂದುಕೊಂಡೆ!

"ಭಯ ಆಯ್ತಾ?"

"ಆಯ್ತು ರೀ. ಜೀವವೇ ಹಾರಿಹೋಯ್ತು."

"ಎಲ್ಲಿ? ಕತ್ತಿನ ಮೇಲೆ ಕೈ ಬಿತ್ತಲ್ಲ, ಅಲ್ಲಾ?"

"ಅಲ್ಲಲ್ಲ. ಇಷ್ಟು ಪುಟ ಓದಿದ್ಮೇಲೂ ಅವನಿನ್ನೂ ಪೆಟ್ಟಿಗೆ ಒಳಗೇ ಇದ್ದಾನಲ್ಲ, ಹೊರಗೆ ಬರೋವರೆಗೆ ನಾನು ಇನ್ನೆಷ್ಟು ಓದಬೇಕೋ ಅಂತ!"