ಎರಡು ಹಂಚಿನ ಮನಿ

ನಮ್ಮ ಮನ್ಯಾಗ ಚಪಾತಿ ಲಟ್ಟಿಸೋದು ನಿಲ್ಲೋ ತನಕ ನನ್ನ ಇಂಥ ಫಜೀತಿ ನಡೀತಾನ ಇರ್ತಾವ. ಅದು ನಿಲ್ಲೋದಂತೂ ಇಲ್ಲ.

ಗೋಧ್ಯಾಗ ಇರೋ ಗ್ಲುಟೆನ್ ಅನ್ನೋದು ನನ್ನ ಹೊಟ್ಟಿಗೆ ಆಗಲ್ಲ. ಗೋಧಿ, ಮೈದಾ, ರವೆ ತಿನ್ನೋದು ದೂರ ಉಳೀತು, ಆ ಹಿಟ್ಟು ಹಾರಿ ನನ್ನ ತಾಟಿಗೆ ಬಿದ್ರೂ ಸಾಕು, ನಾಕು ದಿನ ಹಾಸಿಗಿ. "ಸೌಟು ಸೈತ ಬ್ಯಾರೆ ಇರಲಿ" ಅಂದ್ರು ಡಾಕ್ಟ್ರು. ಹೇಳಾಕೇನು, ಹೇಳಿದ್ರು! ಕೊಟ್ಟೂರಾಗ ನಮ್ದು ತುಂಬಿದ ಮನಿ. ಅತ್ತಿ, ಭಾವ, ನೆಗೆಣ್ಣಿ, ಅವರ ಮಕ್ಕಳು, ನಾವಿಬ್ರು. ಎಲ್ಲಾರಿಗೂ ಒಂದ ಒಲಿ, ಒಂದ ಹಂಚು. ಅಡುಗಿ ಮನ್ಯಾಗ ನನಗ ಕುಂತಲ್ಲೆ ಕುಂದ್ರಾಕ ಆಗಲ್ಲ. ಯಾರ ಕೈ ಯಾವ ಡಬ್ಬಿಗೆ ಹೋತು, ಯಾವ ಚಮಚ ಯಾವ ಪಲ್ಯಾಕ ಬಿತ್ತು ಅಂತ ಕಣ್ಣು ತಿರುಗ್ತಾನ ಇರ್ತಾವ. "ಏನವಾ, ಮನಿಗೆ ಕಳ್ಳರು ಹೊಕ್ಕಂಗ ಮಾಡ್ತೀಯಲ್ಲ" ಅಂತಾರ ಅತ್ತಿ.

ಗಿರಣಿಯವನ ಉಪಕಾರ

ಜ್ವಾಳದ ರೊಟ್ಟಿ ನನಗ ನಡೀತೈತಿ. ಆದ್ರ ಗಿರಣ್ಯಾಗ ಗೋಧಿ ಬೀಸಿದ ಮ್ಯಾಲ ಜ್ವಾಳ ಹಾಕಿದ್ರ ನನ್ನ ಕತಿ ಮುಗೀತು. ಅದಕ್ಕ ಗಿರಣಿಯವಗ ಕೈ ಮುಗುದು ಹೇಳಿದೆ: "ಅಣ್ಣಾ, ಮಂದಿ ಬೀಸಿಸಿದ ಗೋಧಿ ನನ್ನ ಜ್ವಾಳಕ್ಕ ತಾಗಬಾರ್ದು. ಗಿರಣಿ ಬಿಚ್ಚಿ ಒರಸಿ, ಮುಂಜಾನಿ ಮೊದಲ ನಂದ ಹಾಕು."

ಪಾಪ, ಹೇಳಿದಂಗ ಮಾಡಿದ. ಕಲ್ಲು ಬಿಚ್ಚಿದ, ಬ್ರಷ್ ಹಾಕಿ ತಿಕ್ಕಿದ, ಬಟ್ಟಿಲೆ ಒರಸಿದ. ನಾನು ಹೊರಗ ಆ ಕಡಿ ಈ ಕಡಿ ಅಡ್ಡಾಡಿಕೋತ ನಿಂತಿದ್ದೆ. ಕಡೀಕ ಬಿಸಿ ಹಿಟ್ಟಿನ ಡಬ್ಬಿ ಕೈಗೆ ಕೊಟ್ಟ. "ಅಕ್ಕಾರ, ನಿಮ್ಮ ಜ್ವಾಳಕ್ಕ ಜಿಗಿ ಕಮ್ಮಿ ಐತ್ರಿ, ಬಡಿವಾಗ ರೊಟ್ಟಿ ಹರೀತಾವ. ಅದಕ್ಕ ಒಂದು ಬೊಗಸಿ ಗೋಧಿ ಸೇರಿಸೀನಿ" ಅಂದ.

ಡಬ್ಬಿ ತಿರಗಿ ಅವನ ಕೈಗೆ ತುರುಕಿದೆ. "ಗೋಧಿ ತಾಗಬಾರ್ದು ಅಂದಿದ್ನಲ್ಲೋ ಮಾರಾಯ!"

"ಅಂಜಬ್ಯಾಡ್ರಿ ಅಕ್ಕಾರ, ಅದು ಮಂದಿ ಗೋಧಿ ಅಲ್ರಿ. ನಮ್ಮ ಹೊಲದ್ದ!"

ಸುಲಿದ ಹೋಳಿಗಿ

ಹರಪನಹಳ್ಳ್ಯಾಗ ಬೀಗರ ಮನಿ ಕಾರ್ಯ. ಹೋಳಿಗಿ ಬಡಿಸಾಕ ಬಂದ ಮುದುಕಿ ಆಯಿಗೆ "ಬ್ಯಾಡಬೇ, ಗೋಧಿ ನನಗ ಆಗಲ್ಲ" ಅಂದೆ.

"ಅಯ್ಯ, ಒಂದು ತುಣುಕಿಗೆ ಏನಾಗ್ತೈತಿ?"

"ನಾಕು ದಿನ ಏಳಾಕ ಆಗಲ್ಲಬೇ."

ಆಯಿ ಕರುಳು ಚುರ್ ಅಂತು. ಬುಟ್ಟಿ ಕೆಳಗಿಟ್ಟು ನನ್ನ ಮಗ್ಗಲಕ ಕುಂತೇಬಿಟ್ಲು. ಒಂದು ಹೋಳಿಗಿ ತಗೊಂಡು ಬಾಳಿಹಣ್ಣು ಸುಲಿದಂಗ ಮ್ಯಾಲಿನ ಪದರು ಸುಲಿದ್ಲು. ಒಳಗಿನ ಹೂರಣ ಉಂಡಿ ಕಟ್ಟಿ ನನ್ನ ಎಲಿ ನಟ್ಟನಡುವ ಇಟ್ಲು, ಅನ್ನದ ಮ್ಯಾಲ. "ಗೋಧಿ ನಾ ತಿಂತೀನಿ, ಬ್ಯಾಳಿ ನೀ ತಿನ್ನು ಮಗಳ" ಅಂದ್ಲು.

ಇನ್ನ ಆ ಎಲ್ಯಾಗಿಂದು ಏನೂ ಮುಟ್ಟಂಗಿಲ್ಲ. ಹಸಗೊಂಡ ಎದ್ದೆ. ಕೈ ತೊಳಕೊಳ್ಳಾಕ ಹೊಂಟಾಗ ಹಿಂದಿಂದ ಆಯಿ ಮಾತು ಕೇಳಿಸ್ತು: "ಪಾಪ, ಅಕಿಗೆ ಬ್ಯಾಳೀನೂ ಆಗಲ್ಲ ಕಾಣ್ತೈತಿ."

ಪಾಲು ಮಾಡಾಕ ಬಂದ ಹಿರೇರು

ಮನ್ಯಾಗ ಆ ಒಂದ ಹಂಚಿನ ದೆಸಿಯಿಂದ ಮತ್ತ ಹಾಸಿಗಿ ಹಿಡಿದ ಮ್ಯಾಲ ನನಗ ತಡೀಲಿಲ್ಲ. ಒಂದು ಸಣ್ಣ ಗ್ಯಾಸ್ ಒಲಿ, ಹೊಸಾ ಹಂಚು, ಸೌಟು ತಂದು ಅಡುಗಿ ಮನಿ ಮೂಲ್ಯಾಗ ಇಟ್ಟೆ. ಅತ್ತಿ ಮುಖ ಸಣ್ಣದಾತು. ನಮ್ಮ ಕಡಿ ಒಂದು ಮನ್ಯಾಗ ಎರಡು ಒಲಿ ಹತ್ತಿದ್ರ ಮನಿ ಒಡೀತು ಅಂತ ಲೆಕ್ಕ. ಅವತ್ತಿಂದ ಅವರು ನನ್ನ ಕೂಡ ಮಾತು ಬಿಟ್ರು, ಆ ಮೂಲ್ಯಾಗ ಕುಂತ್ರ ಏಳ್ತಿರಲಿಲ್ಲ. ನನಗ ಅಳೂನ ಬರ್ತಿತ್ತು. ಈ ಮನಿ ಬಿಡೋ ಮನಸು ನನಗಿಲ್ಲ, ಈ ಒಲಿ ಬಿಟ್ರ ಬದುಕಿಲ್ಲ. ಯಾರಿಗೆ ಹೇಳ್ಲಿ?

ಸುದ್ದಿ ಹಡಗಲಿ ಮುಟ್ಟಿತು. ನಮ್ಮ ಮನಿಯವರ ದೊಡ್ಡಪ್ಪ ಊರಿನ ಇನ್ನಿಬ್ರು ಹಿರೇರನ್ನ ಕರಕೊಂಡು ಬಂದಿಳಿದ್ರು. ಪಡಸಾಲ್ಯಾಗ ಕಂಬಳಿ ಮ್ಯಾಲ ಕುಂತು, "ಹೊಲ ಎಷ್ಟು, ಎಮ್ಮಿ ಎಷ್ಟು ಹೇಳ್ರಿ. ಪಾಲು ಮಾಡೇ ಏಳೋದು" ಅಂದ್ರು.

ನಾನು ಬಾಗಿಲ ಹಿಂದ ನಿಂತು, "ಮಾವಾರ, ನನಗ ಹೊಲ ಬ್ಯಾಡ್ರಿ, ಎಮ್ಮಿ ಬ್ಯಾಡ್ರಿ. ಒಂದು ಹಂಚು, ಒಂದು ಸೌಟು ಸಾಕ್ರಿ" ಅಂದೆ.

ಹಿರೇರು ಮುಖಾ ಮುಖಾ ನೋಡಿದ್ರು. "ಹಂಚು ಪಾಲು ಕೇಳಿದವರನ್ನ ಇದ ಮೊದಲು ನೋಡೀವಿ" ಅಂದ್ರು.

ಅಷ್ಟರಾಗ ನಮ್ಮ ಮನಿಯವರು ಚಪಾತಿ ಹರಕೋತ ಅಡುಗಿ ಮನಿಗೆ ಹೋಗಿ, ಅದ ಕೈಯಾಗ ನನ್ನ ಸೌಟು ತಗೊಂಡು ನನ್ನ ಸಾರಿಗೆ ಅದ್ದಿದ್ರು. ನಾನು ಬಾಯಿ ತಗಿಯೋದ್ರಾಗ ಅತ್ತಿ ಚೀರಿದ್ರು.

"ಲೇ ಭಾಡ್ಯಾ! ಚಪಾತಿ ಕೈಯಾಗ ಅಕಿ ಸೌಟು ಮುಟ್ಟಿದೇನು? ಹುಡುಗೀನ ಕೊಲ್ತೀಯೇನು?" ಸೌಟು ಕಸಗೊಂಡ್ರು, ಸಾರು ಮೋರಿಗೆ ಸುರುವಿದ್ರು, ಬೂದಿ ಹಚ್ಚಿ ಗಸಗಸ ತಿಕ್ಕಿದ್ರು. "ನೀವೆಲ್ಲಾ ಹೋಗಿ ಮುಟ್ಟೀರಿ ಅಂತ ದಿನಾ ಈ ಒಲಿ ಮುಂದ ಕುಂತು ಕಾಯಾಕತ್ತೀನಿ ನಾನು. ನನ್ನ ಸಿಟ್ಟು ನನ್ನ ಹತ್ರ ಇರ್ತೈತಿ, ಅದಕ್ಕ ಅಕಿ ಹೊಟ್ಟಿ ಕೆಡಬೇಕೇನು?"

ನನ್ನ ಕಣ್ಣಾಗ ದಳದಳ ನೀರು ಬಂತು. ಇಷ್ಟು ದಿನ ಅವರು ಆ ಮೂಲಿ ಬಿಟ್ಟು ಏಳದಿದ್ದು ನನ್ನ ಮ್ಯಾಲಿನ ಸಿಟ್ಟಿಗೆ ಅಂತ ತಿಳಕೊಂಡಿದ್ದೆ.

ದೊಡ್ಡಪ್ಪ ಪಟಗಾ ತಗದು ತಲಿ ಕೆರಕೊಂಡ್ರು. "ಹಂಗಾರ ಪಾಲು ಬ್ಯಾಡೇನವಾ? ಹಡಗಲಿಯಿಂದ ಸುಮ್ಮನ ಬಂದಂಗಾತು."

"ಯಾಕ ಸುಮ್ಮನ ಹೋಗ್ತೀರಿ ಭಾವಾರ?" ಅತ್ತಿ ಸೌಟು ನನ್ನ ಕೈಗಿಟ್ಟು ಮಗನ ಕಡಿ ಬೆರಳು ತೋರಿಸಿದ್ರು. "ನಾನೂ ನನ್ನ ಸೊಸೀನೂ ಒಂದ ಕಡಿ ಇರ್ತೀವಿ. ಇವನ್ನ ಬ್ಯಾರೆ ಹಾಕಿ ಹೋಗ್ರಿ!"