ಚಿಕ್ಕಮ್ಮನ ಮನೆಯ ಹದಿನೈದು ಆಂಪ್ಸ್

ಬೇರೆಯವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಗೋಡೆಯನ್ನು. ಸ್ವಿಚ್‌ಬೋರ್ಡ್ ಎಲ್ಲಿದೆ, ಅದರಲ್ಲಿರುವುದು ದಪ್ಪ ತೂತಿನ ಪ್ಲಗ್ಗೋ ಸಣ್ಣ ತೂತಿನದೋ, ಅಲ್ಲಿಂದ ಕಿಟಕಿಗೆ ಎಷ್ಟು ದೂರ, ಕಿಟಕಿಯಿಂದ ಗಾಡಿ ನಿಲ್ಲಿಸಿದ ಜಾಗಕ್ಕೆ ಎಷ್ಟು ದೂರ, ಇಷ್ಟು ಲೆಕ್ಕ ಮುಗಿದ ಮೇಲೆಯೇ 'ಚೆನ್ನಾಗಿದ್ದೀರಾ' ಎನ್ನುತ್ತೇನೆ. ಹೋದ ತಿಂಗಳು ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರೆಂದು ಮಾತನಾಡಿಸಲು ಹೋಗಿದ್ದೆ. ಆ ಪುಣ್ಯಾತ್ಮ ನನ್ನ ಕೈ ಹಿಡಿದುಕೊಂಡು ತಂದೆಯ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದರೆ, ನನ್ನ ಕಣ್ಣು ಅವರ ಭುಜದಾಚೆ ಫ್ರಿಜ್ಜಿನ ಹಿಂದಿನ ಪಾಯಿಂಟಿನ ಮೇಲಿತ್ತು. ಇದು ಕೆಟ್ಟ ಚಟ, ಒಪ್ಪುತ್ತೇನೆ. ಎಲೆಕ್ಟ್ರಿಕ್ ಕಾರು ಕೊಂಡವನ ಹಣೆಬರಹವೇ ಇಷ್ಟು. ಪೆಟ್ರೋಲು ಗಾಡಿಯವನು ಬಂಕ್ ಹುಡುಕುತ್ತಾನೆ, ನಾವು ನೆಂಟರನ್ನು ಹುಡುಕುತ್ತೇವೆ.

ನಾನು ಸೇಲಂನ ಒಂದು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿದ್ಯುತ್ತಿನ ಪಾಠವನ್ನು ವರ್ಷಾವರ್ಷ ತಮಿಳಿನಲ್ಲಿ ಮಾಡಿ ಮಾಡಿ ನಾಲಿಗೆ ಸವೆದಿದೆ. ಹಾಗಾಗಿ ಕಾರು ಕೊಳ್ಳುವಾಗ ನನಗೆ ಎಲ್ಲ ಗೊತ್ತು ಎಂಬ ಧೈರ್ಯವಿತ್ತು. ಗೊತ್ತಿಲ್ಲದೆ ಇದ್ದದ್ದು ನಮ್ಮ ಬಾಡಿಗೆ ಮನೆಯ ವಿಷಯ. ನಾವು ಇರುವುದು ಮಹಡಿಯಲ್ಲಿ, ಕಾರು ನಿಲ್ಲುವುದು ಬೀದಿಯಲ್ಲಿ, ಇಡೀ ಮನೆಗೆ ಇರುವ ಒಂದೇ ಒಂದು ದಪ್ಪ ತೂತಿನ ಪಾಯಿಂಟು ಅಡುಗೆಮನೆಯಲ್ಲಿ. ಅದು ಗ್ರೈಂಡರಿನದು. ಗ್ರೈಂಡರು ಬಿಟ್ಟುಕೊಟ್ಟರೆ ವಾಷಿಂಗ್ ಮೆಷಿನ್ನಿನದು. ಅದೂ ಬಿಟ್ಟುಕೊಟ್ಟರೆ ಮಾತ್ರ ಕಾರಿನದು. ಕಿಟಕಿಯಿಂದ ಕೆಳಕ್ಕೆ ವೈರು ಇಳಿಬಿಟ್ಟು ನಿಂತ ನನ್ನನ್ನು ನೋಡಿ ಕೆಳಗಿನ ಮನೆಯ ಓನರಮ್ಮ, "ಸಾರ್, ಬಾವಿಗೆ ಬಕೆಟ್ ಬಿಟ್ಟಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿದ್ದರು.

ಹೇಗೋ ಕಾಲ ಹೋಗುತ್ತಿತ್ತು. ಅಷ್ಟರಲ್ಲಿ ತಂಗಿ ಮಾದೇವಿಯ ಫೋನು ಬಂತು. ಅವಳನ್ನು ಕೊಟ್ಟಿರುವುದು ಪೆನ್ನಾಗರಂ ಹತ್ತಿರದ ಒಂದು ಹಳ್ಳಿಗೆ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಮಗು. ಅದಕ್ಕೆ ಕಿವಿ ಚುಚ್ಚುವ ಶಾಸ್ತ್ರ. ನಮ್ಮ ಕಡೆ ಕನ್ನಡದ ಮನೆಗಳಲ್ಲೂ ಅದನ್ನು ಕಾದುಕುತ್ತು ಎಂದೇ ಕರೆಯುವುದು. ಮಗು ಸೋದರಮಾವನ ತೊಡೆಯ ಮೇಲೆ ಕೂತರೇನೇ ಸೂಜಿ ಮುಟ್ಟಬೇಕು. "ಅಣ್ಣಾ, ನೀನಂತೂ ಬತ್ತೀಯ, ಗೊತ್ತು," ಎಂದಳು ಮಾದೇವಿ. "ಆದ್ರೆ ಅವ್ವನೂ ಬರ್ಬೇಕು, ಚಿಕ್ಕಮ್ಮನೂ ಬರ್ಬೇಕು. ಇಬ್ರಲ್ಲಿ ಒಬ್ರೇ ಬಂದ್ರೆ ನಂಗೆ ಒಂದ್ ಕಿವಿ ಚುಚ್ಚಿ ಬಿಟ್ಟಂಗೆ." ಅಷ್ಟು ಹೇಳಿ ಅತ್ತುಬಿಟ್ಟಳು.

ಅವಳು ಅತ್ತದ್ದಕ್ಕೆ ಕಾರಣ ಹೇಳಬೇಕು. ಕೊಳತ್ತೂರಿನಲ್ಲಿ ಅವ್ವನ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಮಾದೇವಿ ಹುಟ್ಟಿದಾಗ ಅವ್ವನಿಗೆ ಮೈಯಲ್ಲಿ ಹುಷಾರಿಲ್ಲದೆ, ಮಗುವನ್ನು ಎತ್ತಿ ಆಡಿಸಿ ಬೆಳೆಸಿದ್ದು ಗೋಡೆಯಾಚೆಯ ಚಿಕ್ಕಮ್ಮ. ಅಷ್ಟು ಅನ್ಯೋನ್ಯವಾಗಿದ್ದ ಓರಗಿತ್ತಿಯರು ಒಂದು ಆಡಿನಿಂದ ಕೆಟ್ಟರು. ಚಿಕ್ಕಮ್ಮನ ಆಡು ಗೋಡೆ ಹಾರಿ ಬಂದು ಅವ್ವನ ಅವರೆ ಬಳ್ಳಿ ಮೇಯ್ದುಬಿಟ್ಟಿತು. 'ಸಾಕಿದೋರು ನೆಟ್ಟಗೆ ಸಾಕಿದ್ರೆ ಇಂಗ್ಯಾಕೆ ಆಗ್ತಿತ್ತು' ಎಂದು ಅವ್ವ ಆಡಿನ ಬಗ್ಗೆ ಹೇಳಿದ್ದು. ಚಿಕ್ಕಮ್ಮ ಅದನ್ನು ತನ್ನ ಗಂಡುಮಕ್ಕಳ ಬಗ್ಗೆ ಎಂದುಕೊಂಡಳು. ಅವ್ವ ಹೇಳಿದ್ದು ನಿಜವಾಗಿ ಯಾರ ಬಗ್ಗೆ ಎಂಬುದು ನನಗೂ ಇವತ್ತಿನವರೆಗೆ ಅನುಮಾನವೇ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ನಮ್ಮಲ್ಲಿ ತವರಿನ ಕಡೆಯವರನ್ನು ಶುಭಕಾರ್ಯಕ್ಕೆ ಕರೆಯಬೇಕಾದದ್ದು ತವರಿನ ಹಿರಿಯ ಹೆಂಗಸು, ಅದೂ ಕುಂಕುಮವಿಟ್ಟು, ಎಲೆ ಅಡಿಕೆ ಕೈಗೆ ಕೊಟ್ಟು. ಅಂದರೆ ಅವ್ವನೇ ಕರೆಯಬೇಕು. ಫೋನಿನಲ್ಲಿ ಕೇಳಿದರೆ ಅವ್ವ, "ಅವ್ಳು ಬಂದ್ರೆ ನಾ ಬರಾಕಿಲ್ಲ" ಎಂದಳು. ಇನ್ನೂ ನಾಲ್ಕು ಮಾತು ಆಡಿದೆ. ಅವ್ವ ಫೋನನ್ನು ಹಾಗೇ ಕೆಳಗಿಟ್ಟು ಕೋಳಿ ಓಡಿಸಲು ಹೋದಳು.

ಓರಗಿತ್ತಿಯರನ್ನು ಒಂದುಮಾಡುವುದು ನನ್ನ ಕೈಲಾಗದ ಕೆಲಸ. ಕೈಲಾಗದ ಕೆಲಸ ಎದುರಿಗಿದ್ದಾಗ ಗಂಡಸರು ಏನಾದರೂ ಸಾಮಾನು ಕೊಳ್ಳಲು ಹೊರಡುತ್ತಾರೆ. ನಾನು ಚಾರ್ಜರ್ ಕೊಳ್ಳಲು ಹೊರಟೆ. ಸೇಲಂನಿಂದ ಕೊಳತ್ತೂರು, ಅಲ್ಲಿ ರಾತ್ರಿ ಉಳಿದು, ಅವ್ವನನ್ನು ಹತ್ತಿಸಿಕೊಂಡು ಬೆಳಿಗ್ಗೆ ಪೆನ್ನಾಗರಂ ಕಡೆಗೆ, ಮತ್ತೆ ವಾಪಸ್ಸು. ಕಾರಿನ ಜೊತೆ ಬಂದ ಚಾರ್ಜರು ದಪ್ಪ ಪಿನ್ನಿನದು. ಸಣ್ಣ ತೂತಿನ ಮುಂದೆ ಅದು ದಂಡ. ಅದಕ್ಕೇ ಎಲ್ಲ ತೂತಿಗೂ ಒಗ್ಗುವ, ಕೈಯಲ್ಲಿ ಹೊತ್ತೊಯ್ಯುವ ಚಾರ್ಜರು ಬೇಕು. ಮೊದಲು ನೆಂಟರಿಷ್ಟರಿಗೆಲ್ಲ ಫೋನು ಮಾಡಿ, 'ನಿಮ್ಮನೆ ಪ್ಲಗ್ಗಿನ ತೂತು ದಪ್ಪವಾ ಸಣ್ಣವಾ, ಅರ್ಥ್ ಇದೆಯಾ' ಎಂದು ವಿಚಾರಿಸಿದೆ. ನಡುಮನೆಯಲ್ಲಿ ಬಟ್ಟೆ ಮಡಚುತ್ತ ಇದನ್ನೆಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಶಾಂತಿ, "ನನ್ನ ನೋಡಾಕೆ ಬಂದಾಗ್ಲೂ ನೀವು ಇಷ್ಟು ವಿಚಾರ್ಸಿರ್ಲಿಲ್ಲ" ಎಂದಳು.

ಅಂಗಡಿಯವನು ಮೇಜಿನ ಮೇಲೆ ಹರಡಿದ ಚಾರ್ಜರುಗಳನ್ನು ನೋಡಿ ನನಗೆ ಸುಸ್ತಾಯಿತು. ಒಂದಕ್ಕೆ ವೈರು ಉದ್ದ, ಆದರೆ ಕರೆಂಟು ಇಷ್ಟೇ ಎಂದು ಕಟ್ಟಿಹಾಕಿದೆ. ಇನ್ನೊಂದರಲ್ಲಿ ಕರೆಂಟನ್ನು ಗುಂಡಿಯೊತ್ತಿ ಹೆಚ್ಚುಕಡಿಮೆ ಮಾಡಬಹುದು, ಆದರೆ ವೈರು ಗಿಡ್ಡ. ಮತ್ತೊಂದರ ಜೊತೆ ಬಗೆಬಗೆಯ ತಲೆಗಳು: ದಪ್ಪ ಪಿನ್ನು, ಸಣ್ಣ ಪಿನ್ನು, ಮೋಟರು ಶೆಡ್ಡಿನಲ್ಲಿರುವ ನೀಲಿ ದುಂಡು ಪ್ಲಗ್ಗಿನ ಪಿನ್ನು. ನೀಲಿಯದು ಯಾಕೆ ಎಂದು ಕೇಳಿದೆ. "ತೋಟಕ್ಕೆ ಹೋದರೆ ಆಗುತ್ತದೆ ಸಾರ್" ಎಂದ. ತೋಟದ್ದು ಸರಕಾರದ ಪುಕ್ಕಟೆ ಕರೆಂಟು, ಅದರಲ್ಲಿ ಕಾರು ತುಂಬಿಸಿದರೆ ಕೇಸು ಬೀಳುತ್ತದೆ ಎಂದೆ. ಅವನು ನನ್ನನ್ನು ಮರುಕದಿಂದ ನೋಡಿ, "ಸಾರ್ ಮೇಷ್ಟ್ರಾ?" ಎಂದ. 'ಬೇಗ ತುಂಬುತ್ತದಾ' ಎಂದು ನಾಲ್ಕು ಸಲ ಕೇಳಿ, ಕೊನೆಗೆ ಗುಂಡಿಯೂ ತಲೆಗಳೂ ಇರುವುದನ್ನೇ ಕೊಂಡೆ. ವೈರು ಗಿಡ್ಡವೇ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಹಾಕಬಾರದು, ಬೆಂಕಿ ಹತ್ತುತ್ತದೆ ಎಂದು ಹೇಳಿ ಕಳಿಸಿದ.

ಹೊರಡುವ ದಿನ ಗಾಡಿಗೆ ಚಾರ್ಜು ತುಂಬಿರುತ್ತದೆಂದು ಕೆಳಗಿಳಿದರೆ ಅರ್ಧವೂ ತುಂಬಿರಲಿಲ್ಲ. ದಾರಿಗೆ ಇಡ್ಲಿ ಬೇಕೆಂದು ಶಾಂತಿ ಹಿಟ್ಟು ರುಬ್ಬಿದ್ದಳು. ರುಬ್ಬುವಾಗ ಕಾರಿನ ಪ್ಲಗ್ಗು ತೆಗೆದವಳು ಮತ್ತೆ ಹಾಕಿರಲಿಲ್ಲ. "ಇಡ್ಲಿ ಬೇಡ್ವಾ ಅಂಗಾದ್ರೆ?" ಎಂದು ಅವಳೇ ನನ್ನನ್ನು ಕೇಳಿದಳು. ಮೆಟ್ಟೂರು ದಾರಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಇದೆಯೆಂದು ಫೋನು ಹೇಳಿತು. ಅಲ್ಲಿ ಹೋದರೆ ಇತ್ತು, ಆದರೆ ಅದರ ಸುತ್ತ ಯಾರೋ ಮೆಣಸಿನಕಾಯಿ ಒಣಹಾಕಿದ್ದರು, ಪರದೆಯೂ ಕಪ್ಪಾಗಿತ್ತು. ಇಡ್ಲಿ ತಿಂದು ಮುಂದೆ ಹೊರಟೆವು. ಕೊಳತ್ತೂರು ಮುಟ್ಟುವ ಹೊತ್ತಿಗೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಬೆವರಿ ನಾವೂ ಬೆಂದ ಇಡ್ಲಿಯಂತಾಗಿದ್ದೆವು.

ಸಂಜೆ ಬಿಸಿಲು ಇನ್ನೂ ಇತ್ತು. ಅವ್ವನ ಮನೆಯ ಪ್ಲಗ್ಗು ಸಣ್ಣ ತೂತಿನದು. ಹೆಮ್ಮೆಯಿಂದ ಸಣ್ಣ ತಲೆ ಸಿಕ್ಕಿಸಿ, ಗುಂಡಿಯೊತ್ತಿ ಕರೆಂಟು ತಗ್ಗಿಸಿ, ಸ್ವಿಚ್ಚು ಹಾಕಿದೆ. ಕೆಂಪು ದೀಪ ಮಿನುಗಿತು. ತೆಗೆದು ಹಾಕಿದೆ. ಕೆಂಪೇ. ಅರ್ಥ್, ಅಂದರೆ ನೆಲಕ್ಕಿಳಿಯುವ ತಂತಿ, ಇಲ್ಲದಿದ್ದರೆ ಈ ಜಾತಿಯ ಚಾರ್ಜರು ಕೆಲಸ ಮಾಡುವುದಿಲ್ಲ. ಆದರೆ ಈ ಮನೆಗೆ ಅರ್ಥ್ ಇದೆ. ಹಿತ್ತಲಲ್ಲಿ ಗುಂಡಿ ತೋಡಿಸಿ, ಉಪ್ಪು, ಇದ್ದಿಲು ಹಾಕಿ ಮುಚ್ಚಿಸಿದ್ದು ನಾನೇ. ಗೋಡೆಯ ಮೇಲಿಂದ ಗುಂಡಿಗಿಳಿಯುವ ದಪ್ಪ ತಂತಿ ಹುಡುಕುತ್ತ ಹಿತ್ತಲಿಗೆ ಹೋದೆ. ತಂತಿ ಇತ್ತು. ಗೋಡೆಯ ಮೊಳೆಯಿಂದ ಸೀದಾ ನುಗ್ಗೆಮರಕ್ಕೆ ಬಿಗಿದಿತ್ತು. ಅದರ ತುಂಬ ಅವರೆ ಬಳ್ಳಿ, ಅವರೆ ಹೂವು.

"ಅವ್ವಾ, ಇದನ್ನ ಯಾರು ಕಿತ್ತಿದ್ದು?"

"ನಾನೇ. ಆ ಆಡಿಗೆ ಸಿಕ್ಕದಂಗೆ ಬಳ್ಳೀನ ಎತ್ತರಕ್ಕೆ ಅಬ್ಸಿದೀನಿ. ಅದ್ರಾಗೆ ಕರೆಂಟೇ ಇಲ್ಲ ಕಣ್ಲಾ, ಮುಟ್ಟಿ ನೋಡ್ದೆ. ಸುಮ್ನೆ ಬಿದ್ದಿರೋ ತಂತಿ."

ಕರೆಂಟು ಇಲ್ಲದಿರುವುದೇ ಅದರ ಕೆಲಸ ಎಂದು ವಿವರಿಸಿದೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವ ಚಿತ್ರವನ್ನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದೂ ತೋರಿಸಿದೆ. "ಮುಟ್ಟಿ ನೋಡಬಾರದವ್ವ, ಜೀವ ಹೋಗುತ್ತೆ" ಎಂದೆ. "ಓಗಿಲ್ವಲ್ಲ" ಎಂದಳು. ಬಳ್ಳಿ ಇಳಿಸಿ ತಂತಿಯನ್ನು ವಾಪಸ್ಸು ಜೋಡಿಸೋಣವೆಂದರೆ, ಹೂ ಬಿಟ್ಟ ಬಳ್ಳಿಗೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ ಎಂದಳು. ಶಾಂತಿ ಅಲ್ಲೇ ಕಲ್ಲಿನ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತ, "ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?" ಎಂದು ಯಾರನ್ನೋ ಕೇಳುವಂತೆ ಕೇಳಿದಳು. ತವರಿನ ಉಡುಗೊರೆಯ ಸೀರು ತಟ್ಟೆಗಳನ್ನು ಹೊತ್ತು, ಅವ್ವನ ಮಂಡಿನೋವು ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಮುಹೂರ್ತಕ್ಕೆ ಮುಟ್ಟುವುದು ನೆನೆದು ನನಗೆ ಅಲ್ಲೇ ಮಲಗಿಬಿಡೋಣ ಎನಿಸಿತು.

ಆಗ ಗೋಡೆಯಾಚೆಯಿಂದ ಚಿಕ್ಕಮ್ಮನ ತಲೆ ಮೇಲೆದ್ದಿತು. ಅವ್ವನತ್ತ ನೋಡಲಿಲ್ಲ. ನನ್ನನ್ನೇ ನೋಡಿ, "ಏನ್ ಕುಮಾರ, ಗಾಡಿಗೆ ಕರೆಂಟ್ ಇಲ್ವಾ? ನಮ್ಮನೇಲಿ ಪದಿನೈಂದ್ ಆಂಪ್ಸ್ ಐತೆ. ಗ್ರೈಂಡರ್‌ಗೆ ಅಂತ ಆಕ್ಸಿದ್ದು" ಎಂದಳು. ಹದಿನೈದು ಆಂಪ್ಸ್ ಎಂದರೆ ದಪ್ಪ ತೂತಿನದು. ಚಿಕ್ಕಪ್ಪನದು ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕುವ ವ್ಯಾಪಾರ. ನಾನು ಅವ್ವನ ಮುಖ ನೋಡಿದೆ. ಅವ್ವ ಕೋಳಿಯ ಮುಖ ನೋಡಿದಳು. ಬೇಡ ಎನ್ನಲಿಲ್ಲ, ಅದೇ ದೊಡ್ಡದು. ವೈರು ಗಿಡ್ಡವಾದ್ದರಿಂದ ಗಾಡಿಯನ್ನೇ ಅವರ ಅಂಗಳಕ್ಕೆ ಒಯ್ಯಬೇಕಾಯಿತು. ಅವ್ವನ ಬಾಗಿಲಿಂದ ತೆಗೆದ ಗಾಡಿ ಚಿಕ್ಕಮ್ಮನ ಬಾಗಿಲಲ್ಲಿ ನಿಂತದ್ದನ್ನು ಬೀದಿಯೆಲ್ಲ ನೋಡಿತು.

ದಪ್ಪ ಪಿನ್ನು ಹಾಕಿದ ಕೂಡಲೇ ಹಸಿರು ದೀಪ ಬಂತು. ಆ ಮನೆಯ ಕರೆಂಟು ತಗೊಂಡು ಕೈ ನನೆಸದೆ, ಎಂದರೆ ಒಂದು ತುತ್ತು ಉಣ್ಣದೆ, ಬರುವ ಹಾಗಿಲ್ಲ. ಚಿಕ್ಕಮ್ಮ ಆಗಲೇ ತಟ್ಟೆ ಹಾಕಿದ್ದಳು. ರಾಗಿ ಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು. ತಿನ್ನುವಾಗ ಚಿಕ್ಕಪ್ಪ, "ಇವತ್ತು ಮಾವು ಅರೆಯಾಕಾಗಲ್ಲ, ಪರ್ವಾಯಿಲ್ಲೆ, ನೀ ತಿನ್ನು" ಎಂದರು. ಗ್ರೈಂಡರಿನ ಪಾಯಿಂಟಿನಲ್ಲಿ ನನ್ನ ಗಾಡಿ ಇತ್ತಲ್ಲ, ದೋಸೆ ಹಿಟ್ಟು ರುಬ್ಬುವ ಹಾಗಿರಲಿಲ್ಲ. ಚಿಕ್ಕಮ್ಮ ಇನ್ನೊಂದು ಸೌಟು ಸಾರು ಬಿಟ್ಟು, ತಲೆಯೆತ್ತದೆ ಕೇಳಿದಳು: "ನಿನ್ ಗಾಡಿ ನಮ್ಮನೇಗೆ ಬರ್ಬೋದು. ನಾವು ನಿನ್ ಗಾಡಿಗೆ ಬರಬಾರ್ದಾ ಕುಮಾರ? ನಾ ಎತ್ತಿ ಬೆಳ್ಸಿದ್ ಮಗೀನ ಮಗು ಅದು."

ತಟ್ಟೆಯಲ್ಲಿದ್ದುದನ್ನು ಬೇಗ ಬೇಗ ಮುಗಿಸಿದೆ. ಕೈ ತೊಳೆದು ಈಚೆ ಬಂದೆ.

ಅವ್ವನೂ ಹಿಟ್ಟು ಮಾಡಿ ಕಾಯುತ್ತಿದ್ದಳು. ಎರಡನೆಯ ಸಲ ಊಟಕ್ಕೆ ಕೂತೆ. "ಏನ್ ಸಾರು ಅಲ್ಲಿ?" ಎಂದಳು. ಹೇಳಿದೆ. "ಉಪ್ಪು ಜಾಸ್ತಿ ಇತ್ತಾ?" ಇಲ್ಲ ಎಂದೆ. ಅದು ಅವಳಿಗೆ ಸರಿಹೋಗಲಿಲ್ಲ. ಚಿಕ್ಕಮ್ಮನ ಮಾತನ್ನೂ ಹೇಳಿದೆ, ಚಿಕ್ಕಪ್ಪ ಹಿಟ್ಟು ರುಬ್ಬುವುದನ್ನು ನಿಲ್ಲಿಸಿದ್ದನ್ನೂ ಹೇಳಿದೆ. ಅವ್ವ ಸಾರಿನ ಸೌಟು ಕೆಳಗಿಟ್ಟು, "ಯಾವಾರ ನಿಲ್ಸಿ ನಮ್ಗೆ ಕೊಟ್ಳಾ? ಇನ್ ಸಾಯೋ ತಂಕ ಯೇಳ್ಕೊಂಡು ತಿರುಗ್ತಾಳೆ, ನನ್ ಕರೆಂಟಲ್ಲೇ ಕಾದುಕುತ್ತಿಗೆ ಓದ್ರು ಅಂತ" ಎಂದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ಶಾಂತಿ, ಆ ಕುಂಕುಮದ ಬಟ್ಲು ಎತ್ಕೊಂಡ್ ಬಾ" ಎಂದಳು.

ಕರೆದದ್ದು ಹೇಗೆಂದು ಕೇಳಿ. ಇಬ್ಬರೂ ಗೋಡೆಯ ಎರಡು ಕಡೆ ಕೈ ನಿಲುಕುವಷ್ಟು ಹತ್ತಿರ ನಿಂತಿದ್ದಾರೆ, ನಡುವೆ ತಟ್ಟೆ. ಅವ್ವ ನನಗೆ, "ಬೆಳಿಗ್ಗೆ ಬಿರ್ನೆ ರೆಡಿಯಾಗಿರು ಅಂತ ಯೇಳ್ಲಾ" ಎನ್ನುತ್ತಾಳೆ. ನಾನು ಹೇಳುತ್ತೇನೆ. ಚಿಕ್ಕಮ್ಮ ನನಗೆ, "ಎಷ್ಟೊತ್ಗೆ ಅಂತ ಕೇಳು" ಎನ್ನುತ್ತಾಳೆ. ನಾನು ಕೇಳುತ್ತೇನೆ. ಕುಂಕುಮವಿಡುವಾಗ ಮಾತ್ರ ನನ್ನ ಕೈಯಿಂದ ಇಡಿಸಲಾಗದೆ ಅವ್ವನೇ ಇಟ್ಟಳು. ಬೆಳಿಗ್ಗೆ ಸೀರು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಪ್ಪನೂ ಸೇರಿ ಐದು ಜನ ಕಾರಿನಲ್ಲಿ ತುರುಕಿಕೊಂಡ ಮೇಲೆ, ಮೇಚ್ಚೇರಿ ದಾಟುವವರೆಗೆ ಹಿಂದಿನ ಸೀಟಿನಲ್ಲಿ ಉಸಿರಿಲ್ಲ. ಆಮೇಲೆ ಅವ್ವ ಕಿಟಕಿಯಾಚೆ ನೋಡುತ್ತಲೇ, "ನಿಂಗೆ ಆ ನೀಲಿ ಸೀರೆ ಇತ್ತಲ್ಲ ಪುಟ್ಟಿ, ಅದ್ಯಾಕೆ ಉಡ್ಲಿಲ್ಲ?" ಎಂದಳು. "ಅರ್ದೋಯ್ತಕ್ಕ" ಎಂದಳು ಚಿಕ್ಕಮ್ಮ. ನಾನು ಕನ್ನಡಿಯಲ್ಲಿ ನೋಡಲಿಲ್ಲ, ರಸ್ತೆಯನ್ನೇ ನೋಡಿದೆ.

ಮಗು ನನ್ನ ತೊಡೆಯ ಮೇಲೆ ಕೂತು, ಸೂಜಿ ಮುಟ್ಟುವ ಮೊದಲೇ ಊರು ಹಾರಿಹೋಗುವಂತೆ ಅತ್ತು, ನನ್ನ ಹೊಸ ಪಂಚೆಯನ್ನು ನೆನೆಸಿತು. ಸಮಾಧಾನ ಮಾಡಲು ಅವ್ವನೂ ಚಿಕ್ಕಮ್ಮನೂ ಒಟ್ಟಿಗೆ ಕೈ ಚಾಚಿದರು. ಮಾದೇವಿ ಮಗುವನ್ನು ನೋಡಲಿಲ್ಲ, ಆ ಇಬ್ಬರನ್ನೇ ನೋಡುತ್ತ ಬಾಯಿಗೆ ಸೆರಗು ಅಡ್ಡ ಹಿಡಿದಳು. ನನಗೂ ಕಣ್ಣು ತುಂಬಿತು. ಎರಡು ಕಿವಿಯೂ ಆದವು.

ಊಟವಾದ ಮೇಲೆ ಮಾದೇವಿಯ ಮಾವ ನನ್ನನ್ನು ಕೈಹಿಡಿದು ಕರೆದೊಯ್ದು ಕೊಟ್ಟಿಗೆಯ ಗೋಡೆ ತೋರಿಸಿದರು. ನನ್ನ ಫೋನು ಬಂದ ಮೇಲೆ ಹೊಸದಾಗಿ ಹಾಕಿಸಿದ ದಪ್ಪ ತೂತಿನ ಪಾಯಿಂಟು, ಅದಕ್ಕೆ ಅರಿಶಿನದ ಬೊಟ್ಟು. "ಕೊಳತ್ತೂರಾಗೆ ಓರಗಿತ್ತಿ ಮನೇಲಿ ಆಕಿದ್ರಂತೆ. ನಮ್ಮನೇಲೂ ಆಕ್ಬೇಕು ಮಾಪಿಳ್ಳೆ" ಎಂದರು, ಅಳಿಯನನ್ನು ಕರೆಯುವ ಸಲುಗೆಯಲ್ಲಿ. ಗಾಡಿಗೆ ಬೇಕಿರಲಿಲ್ಲ. ಬೇಡ ಎಂದರೆ ಕೊಟ್ಟ ನೀರು ಬೇಡ ಎಂದು ಅವಮಾನಿಸಿದ ಹಾಗೆ. ಹಾಕಿದೆ. ನಾಲ್ಕು ಗಂಟೆಗೆಲ್ಲ ಹೊರಡಬೇಕೆಂದು ನನ್ನ ಲೆಕ್ಕ. ಮರುದಿನ ಮೊದಲ ಪೀರಿಯಡ್ಡೇ ನನ್ನದು, ತಿದ್ದಬೇಕಾದ ಪೇಪರುಗಳ ಕಟ್ಟು ಮನೆಯಲ್ಲಿ ಕಾಯುತ್ತಿತ್ತು. ಗಾಡಿ ತುಂಬಿತೆಂದು ಫೋನು ಕಿರುಗುಟ್ಟಿತು. ಹೇಳೋಣವೆಂದು ಹಿತ್ತಲಿಗೆ ಹೋದರೆ, ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಇಬ್ಬರೂ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವ್ವನ ಮಂಡಿಗೆ ಚಿಕ್ಕಮ್ಮ ಎಣ್ಣೆ ತಿಕ್ಕುತ್ತಿದ್ದಳು, ಅವ್ವ ಬಾಯಿ ಮುಚ್ಚದೆ ಏನೋ ಹೇಳುತ್ತಿದ್ದಳು.

ನನ್ನನ್ನು ಕಂಡು ಅವ್ವ ಮಾತು ನಿಲ್ಲಿಸಿದಳು. "ಗಾಡಿ ತುಂಬ್ತಾಲಾ? ಒರಡ್ಬೇಕಾ?"

"ಇನ್ನೂ ಇಲ್ಲವ್ವ," ಎಂದೆ. "ನಿಧಾನಕ್ಕೆ ಏರ್ತಾ ಐತೆ. ನೀ ಕೂತ್ಕೊ."

ಅವ್ವ ಮತ್ತೆ ಕಾಲು ಚಾಚಿದಳು. ಪಕ್ಕದಲ್ಲಿ ನಿಂತ ಶಾಂತಿ ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಕಣ್ಣಾಡಿಸಿ, ನನಗೊಂದು ಕುರ್ಚಿ ತಂದು ಹಾಕಿದಳು. ಕೂತೆ. ಬೇಗ ತುಂಬಲಿ, ಬೇಗ ಹೊರಡೋಣ ಎಂದು ಅಂಗಡಿಯವನ ಪ್ರಾಣ ತಿಂದು ಆ ಚಾರ್ಜರು ಆರಿಸಿದವನು ನಾನೇ.