ಅತ್ತೆಗೆ ಎಲೆಕ್ಟ್ರಾನ್ ತೋರಿಸಿದ್ದು

ನನ್ನ ಕೆಲಸ ಏನೆಂದು ನಮ್ಮತ್ತೆಗೆ ಅರ್ಥ ಮಾಡಿಸಿಯೇ ತೀರುತ್ತೇನೆಂದು ಪಣ ತೊಟ್ಟು ಅವರ ಊರು ಪಾಳ್ಯಕ್ಕೆ ಹೋದೆ. ಬೆಂಗಳೂರಿನ ಎಸ್‌ಟಿಡಿ ಬೂತಿನಿಂದ ವಿವರಿಸಿ ಸೋತಿದ್ದೆ. ಪಾಪ, ಅವರ ಕಷ್ಟ ದೊಡ್ಡದು. ಯಾವ ಮದುವೆಗೆ ಹೋದರೂ ಹೆಂಗಸರು "ನಿಮ್ಮಳಿಯ ಏನ್ ಮಾಡ್ತಾರೆ?" ಎನ್ನುತ್ತಾರೆ. ಮಿಕ್ಕವರ ಅಳಿಯಂದಿರು ಮೇಷ್ಟ್ರು, ಕಾಫಿ ತೋಟದ ರೈಟರ್, ಕಂಡಕ್ಟರ್. ನಮ್ಮತ್ತೆ ಮಾತ್ರ ಎಲೆಯಡಿಕೆ ಬಾಯಿಗೆ ತುರುಕಿಕೊಳ್ಳುತ್ತಾರೆ!

ಅರೆವಾಹಕದ ತೆಳು ಪದರದಲ್ಲಿ ಎಲೆಕ್ಟ್ರಾನುಗಳ ಓಟ, ಅದೇ ನನ್ನ ಸಂಶೋಧನೆ. ಅವು ಮೇಲಕ್ಕೆ ಹಾರಲಾರವು, ಆ ಪದರದಲ್ಲೇ ಓಡಬೇಕು. ನಾವು ದಾರಿಯಲ್ಲಿ ಸಾಲಾಗಿ ಅಡ್ಡಿಗಳನ್ನು ಮಾಡಿ, ವೋಲ್ಟೇಜು ಹೆಚ್ಚು ಕಡಿಮೆ ಮಾಡುತ್ತಾ ಓಟವನ್ನು ಹದಗೊಳಿಸುತ್ತೇವೆ. ಬೆಳಿಗ್ಗೆ ಇಷ್ಟನ್ನೂ ಹೇಳಿದೆ.

"ಕಾಫಿ ತಣ್ಣಗಾಯ್ತದೆ, ಕುಡೀರಿ" ಎಂದರು ಅತ್ತೆ.

ಆಗ ಇನ್ನೂ ಹೊರಗೆ ಬಿಡದ ಕೋಳಿಗಳು ಗೂಡಿನಲ್ಲಿ ಕೂಗಿದವು. ಆಹಾ! ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕೆ?

ಕಾಫಿ ಒಣಗಿಸುವ ಕಣದಲ್ಲಿ ಬಿದಿರು ಬುಟ್ಟಿಯ ಮಂಕರಿಗಳನ್ನು ಸಾಲಾಗಿ ಬೋರಲು ಹಾಕಿದೆ. ಅವು ಅಡ್ಡಿಗಳು. ಆಚೆ ತುದಿಗೆ ಅಕ್ಕಿ ಚೆಲ್ಲಿದೆ. ಕೋಳಿಗಳೇ ಎಲೆಕ್ಟ್ರಾನು. ಕೋಲು ಹಿಡಿದ ಅತ್ತೆಯೇ ವೋಲ್ಟೇಜು!

"ಏನ್ರೀ, ಮಧ್ಯಾಹ್ನದ ಸಾರಿನ ಹುಂಜಾನೂ ಅದ್ರಲ್ಲೇ ಐತೆ, ಹುಷಾರು" ಎಂದಳು ನನ್ನ ಹೆಂಡತಿ ಸುಮ.

"ವಿಜ್ಞಾನಕ್ಕೆ ಹುಂಜ, ಹೇಂಟೆ ಎಂಬ ಭೇದವಿಲ್ಲ" ಎಂದೆ ಗಂಭೀರವಾಗಿ.

ಗೂಡು ತೆಗೆದೆ. ಅತ್ತೆ ಕೋಲು ಬೀಸಿದರೆ ಜೋರು, ತಗ್ಗಿಸಿದರೆ ನಿಧಾನ. ಕೋಳಿಗಳು ಮಂಕರಿಗಳ ಸಂದಿಯಲ್ಲಿ ಎಷ್ಟು ಚೆಂದವಾಗಿ ಸಾಗಿದವು ಅಂತೀರಿ!

"ನಾನ್ ಹೇಳ್ದಂಗೇ ಕೇಳ್ತವೆ ಕಣೆ ಸುಮಾ!" ಎಂದು ಅತ್ತೆ ಹಿಗ್ಗಿದರು. ನನಗೂ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ವೋಲ್ಟೇಜು ಜಾಸ್ತಿ ಮಾಡಿ ಅತ್ತೆ!" ಎಂದು ಕೂಗಿದೆ.

ಅತ್ತೆ ತಗಡಿನ ಡಬ್ಬಕ್ಕೆ ಕೋಲಿನಿಂದ ಬಾರಿಸಿಯೇ ಬಿಟ್ಟರು.

ಒಂದು ಹೇಂಟೆ ಹೆಂಚಿನ ಮೇಲೆ! ಇನ್ನೊಂದು ಹಲಸಿನ ಮರಕ್ಕೆ! ಮತ್ತೊಂದು ನನ್ನ ತಲೆಯ ಮೇಲೆ!

"ಎಲೆಕ್ಟ್ರಾನ್ ಮೇಲಕ್ಕೆ ಹಾರಬಾರದು ಅತ್ತೆ!"

"ಅದನ್ನ ಕೋಳಿಗ್ ಹೇಳಿ ಅಳಿಯಂದ್ರೇ!"

ಹುಂಜ ಬೇಲಿ ಹಾರಿ ಕಾಫಿ ಗಿಡಗಳ ನಡುವೆ ಮಾಯವಾಯಿತು. ಹಿಡಿಯಲು ಓಡಿದ ನಾನು ನನ್ನದೇ ಮಂಕರಿಯನ್ನು ಎಡವಿ ಮಕಾಡೆ ಬಿದ್ದೆ. ಮಧ್ಯಾಹ್ನ ಅಳಿಯನಿಗೆ ಹುರುಳಿ ಸಾರು. ಬಡಿಸುವಾಗ ಸುಮ ಸೆರಗು ಕಚ್ಚಿಕೊಂಡು ನಗು ತಡೆದಿದ್ದಳು.

ಊಟವಾಗುವಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

"ಏನಕ್ಕ ಅದು ಗಲಾಟೆ? ಅಂದಂಗೆ ನಿಮ್ಮಳಿಯ ಏನ್ ಕೆಲ್ಸ ಮಾಡೋದು?"

ಅತ್ತೆ ಈ ಸಲ ಎಲೆಯಡಿಕೆಗೆ ಕೈ ಹಾಕಲಿಲ್ಲ. ಹೆಮ್ಮೆಯಿಂದ ಹೇಳಿದರು: "ಬೆಂಗ್ಳೂರಲ್ಲಿ ಕೋಳಿ ಓಡಿಸ್ತಾರೆ ಕಣೆ ಗೌರಮ್ಮ. ಗವರ್ಮೆಂಟು ಸಂಬ್ಳಾನೂ ಕೊಡ್ತೈತೆ!"

ತಿದ್ದೋಣವೆಂದು ಬಾಯಿ ತೆರೆದೆ. ತಲೆಯಿಂದ ಒಂದು ಪುಕ್ಕ ಉದುರಿತು.